ಕ್ಯಾಮರಾದ ಎದುರಿಗೆ ಅಂಜಿಕೆ ಏಕೆ?

ಪ್ರತಿವರ್ಷ ಅಕ್ಟೋಬರ್ ತಿಂಗಳಿನಲ್ಲಿ ಕಿತ್ತೂರಿನಲ್ಲಿ ನಡೆಯುವ ಉತ್ಸವಕ್ಕೆ ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಕಡೆಯಿಂದ ಜನರು ತಂಡತಂಡವಾಗಿ ಬರುತ್ತಾರೆ. ಅಲ್ಲಿ ಗೆಳೆಯರ ನಡುವೆ ನಿಂತು ರಾಣಿ ಚೆನ್ನಮ್ಮನ ಚರಿತ್ರೆಯನ್ನು ನಿರರ್ಗಳವಾಗಿ ಹೇಳುತ್ತಿರುವ ವಿದ್ಯಾರ್ಥಿಯೊಬ್ಬನ ಕಡೆಗೆ ವಾರ್ತಾವಾಹಿನಿಯ ಕ್ಯಾಮರಾ ತಿರುಗಿತೆಂದು ಭಾವಿಸೋಣ. ಆ ಕ್ಷಣವೇ ಅವನ ಹೆಗಲುಗಳು ಬಿಗಿಯುತ್ತವೆ, ಉಸಿರು ಮೊಟಕಾಗುತ್ತದೆ, ನಾಲಗೆ ಒಣಗುತ್ತದೆ. ಬಾಯಿಪಾಠವಾಗಿದ್ದ ಇಸವಿಯೂ ಮರೆತುಹೋಗುತ್ತದೆ. ಕ್ಯಾಮರಾ ಅತ್ತ ಸರಿದೊಡನೆ ಮಾತು ಮತ್ತೆ ಸರಾಗವಾಗುತ್ತದೆ. ಚರಿತ್ರೆ ಬದಲಾಗಲಿಲ್ಲ, ಅವನ ತಿಳಿವಳಿಕೆಯೂ ಬದಲಾಗಲಿಲ್ಲ. ನಡುವೆ ಬಂದು ಹೋದುದು ಒಂದು ಗಾಜಿನ ಕಣ್ಣು ಮಾತ್ರ.

ಇದು ನಕ್ಕು ಮರೆಯುವಂಥ ಸಣ್ಣ ವಿಷಯವಲ್ಲ. ೨೦೨೦ರ ಮಹಾಮಾರಿಯ ಕಾಲದಿಂದ ತರಗತಿಗಳೂ ಉದ್ಯೋಗದ ಸಂದರ್ಶನಗಳೂ ಎಷ್ಟೋ ಕಡೆ ಕ್ಯಾಮರಾದ ಮೂಲಕವೇ ನಡೆಯತೊಡಗಿವೆ. ರಾಮದುರ್ಗದ ಬಳಿಯ ಒಂದು ಹಳ್ಳಿಯಲ್ಲಿರುವ ವಿದ್ಯಾರ್ಥಿನಿಯನ್ನು ಬೆಂಗಳೂರಿನಲ್ಲಿ ಕುಳಿತವರು ಪರದೆಯ ಮೇಲೆಯೇ ನೋಡಿ ಆರಿಸುತ್ತಾರೆ ಅಥವಾ ಬಿಡುತ್ತಾರೆ. ಅಲ್ಲಿ ಅಂಜಿ ತೊದಲಿದವರನ್ನು ಅರಿಯದವರೆಂದು ಎಣಿಸುವ ಅಪಾಯವುಂಟು. ವರ್ಷಗಟ್ಟಲೆ ಓದಿ ಗಳಿಸಿದ ಅರಿವು ಹತ್ತು ನಿಮಿಷಗಳ ಅಂಜಿಕೆಯಿಂದ ಬೆಲೆಯಿಲ್ಲದಂತಾದರೆ ಅದಕ್ಕಿಂತ ದೊಡ್ಡ ನಷ್ಟವಾವುದು?

'ಧೈರ್ಯ ತಂದುಕೊ' ಎಂದು ಹೇಳುವುದು ಸುಲಭ. ಎಲ್ಲಿಂದ ತರಬೇಕೆಂಬುದನ್ನು ಹೇಳುವವರು ವಿರಳ. ಭೌತಶಾಸ್ತ್ರದಲ್ಲಿ ತೊಡಕಾದ ವಿದ್ಯಮಾನವೊಂದು ಎದುರಾದಾಗ ನಾವು ಅದರ ಕಾರಣಗಳನ್ನು ಬಿಡಿಬಿಡಿಯಾಗಿ ಬೇರ್ಪಡಿಸಿ, ಒಂದೊಂದನ್ನೂ ಅಳೆದು ನೋಡುತ್ತೇವೆ. ಕ್ಯಾಮರಾದ ಅಂಜಿಕೆಯನ್ನೂ ಹೀಗೆಯೇ ಪರೀಕ್ಷಿಸೋಣ. ಆಗ ಈ ಅಂಜಿಕೆಯ ಬಹುಭಾಗವು ಬೆಳಕು, ಶಬ್ದ ಮತ್ತು ದೇಹಯಂತ್ರಗಳ ನಿಯಮಗಳಿಂದ ಹುಟ್ಟಿದುದೆಂದೂ, ನಮ್ಮ ಮುಖದ ಅಥವಾ ಬುದ್ಧಿಯ ಕೊರತೆಯಿಂದ ಹುಟ್ಟಿದುದಲ್ಲವೆಂದೂ ತಿಳಿದುಬರುತ್ತದೆ. ಈ ತಿಳಿವಳಿಕೆಯೇ ಅಂಜಿಕೆಗೆ ಅರ್ಧ ಮದ್ದು ಎಂಬುದನ್ನು ಮುಂದೆ ನೋಡುವೆವು.

ಕಲ್ಲಿನಂತೆ ಕೂಡುವ ಅಭ್ಯಾಸ

ಕ್ಯಾಮರಾ ಕಂಡೊಡನೆ ಉಸಿರು ಬಿಗಿಹಿಡಿದು ಸೆಟೆದು ನಿಲ್ಲುವುದು ನಮ್ಮಲ್ಲಿ ಬಹಳ ಮಂದಿಗೆ ರೂಢಿಯಾಗಿದೆ. ಹಿಂದೊಮ್ಮೆ ಈ ರೂಢಿಗೆ ಗಟ್ಟಿಯಾದ ಕಾರಣವಿದ್ದಿತು.

ಬೈಲಹೊಂಗಲದ ಸೆರೆಯಲ್ಲಿ ರಾಣಿ ಚೆನ್ನಮ್ಮ ತೀರಿಕೊಂಡದ್ದು ೧೮೨೯ರ ಫೆಬ್ರವರಿಯಲ್ಲಿ. ಆಕೆ ಸೆರೆಯಲ್ಲಿದ್ದ ವರ್ಷಗಳಲ್ಲಿಯೇ, ೧೮೨೬-೨೭ರ ಸುಮಾರಿಗೆ, ಫ್ರಾನ್ಸ್ ದೇಶದ ನಿಯೆಪ್ಸ್ ಎಂಬಾತನು ತನ್ನ ಕಿಟಕಿಯಿಂದ ಕಾಣುವ ಮನೆಗಳ ನೋಟವನ್ನು ಒಂದು ಲೋಹದ ತಗಡಿನ ಮೇಲೆ ಮೂಡಿಸಿದನು. ಕ್ಯಾಮರಾದಿಂದ ತೆಗೆದು ಇಂದಿಗೂ ಉಳಿದಿರುವ ಛಾಯಾಚಿತ್ರಗಳಲ್ಲಿ ಅದೇ ಅತ್ಯಂತ ಹಳೆಯದು. ಅದು ಮೂಡಲು ತಗಡನ್ನು ಹಲವು ಗಂಟೆಗಳ ಕಾಲ ಬೆಳಕಿಗೆ ಒಡ್ಡಬೇಕಾಯಿತು. ಡಗೇರ್ ಎಂಬಾತನ ವಿಧಾನವು ಲೋಕಕ್ಕೆ ತಿಳಿದದ್ದು ೧೮೩೯ರಲ್ಲಿ. ಆದುದರಿಂದ ಚೆನ್ನಮ್ಮನ ಛಾಯಾಚಿತ್ರವೆಂಬುದು ಇಲ್ಲ. ಇರಲು ಸಾಧ್ಯವೂ ಇರಲಿಲ್ಲ.

ಡಗೇರನ ವಿಧಾನದಲ್ಲಿಯೂ ಮೊದಮೊದಲು ಒಂದು ಚಿತ್ರಕ್ಕೆ ಹಲವು ನಿಮಿಷಗಳು ಬೇಕಾಗುತ್ತಿದ್ದವು. ಅಷ್ಟು ಹೊತ್ತಿನಲ್ಲಿ ತಲೆ ತುಸು ಅಲುಗಿದರೂ ಮುಖ ಮಸುಕಾಗುತ್ತಿದ್ದಿತು. ಅದಕ್ಕಾಗಿ ಚಿತ್ರಶಾಲೆಗಳಲ್ಲಿ ತಲೆಯ ಹಿಂದೆ ಕಬ್ಬಿಣದ ಆನಿಕೆಯನ್ನು ನಿಲ್ಲಿಸಿ ಕತ್ತನ್ನು ಅಲುಗದಂತೆ ಹಿಡಿದಿಡುತ್ತಿದ್ದರು. ಹಳೆಯ ಚಿತ್ರಗಳಲ್ಲಿ ಜನರು ನಗದೆ ಬಿಗಿದ ಮುಖದಿಂದ ಕಾಣುವುದಕ್ಕೆ ಇದೂ ಒಂದು ಕಾರಣ.

ಈಗಿನ ಸ್ಥಿತಿಯನ್ನು ಲೆಕ್ಕ ಹಾಕೋಣ. ಮಾತನಾಡುವಾಗ ನಮ್ಮ ತಲೆಯು ಸೆಕೆಂಡಿಗೆ ಒಂದು ಸೆಂಟಿಮೀಟರಿನಂತೆ ಓಲಾಡುತ್ತದೆಂದು ಇಟ್ಟುಕೊಳ್ಳೋಣ. ಚಿತ್ರವು ಮೂಡಲು ಒಂದು ನಿಮಿಷ ಬೇಕಾದರೆ ಅಷ್ಟರಲ್ಲಿ ತಲೆಯು ಹಿಂದೆ ಮುಂದೆ ಸೇರಿ ೬೦ ಸೆಂಟಿಮೀಟರ್ ಚಲಿಸಿರುತ್ತದೆ. ಇಂದಿನ ಚಲಚ್ಚಿತ್ರ ಕ್ಯಾಮರಾದಲ್ಲಿ ಒಂದೊಂದು ಚಿತ್ರಕ್ಕೂ ಸೆಕೆಂಡಿನ ಐವತ್ತನೆಯ ಒಂದು ಭಾಗ ಸಾಕು. ಆ ಅವಧಿಯಲ್ಲಿ ತಲೆಯು ಚಲಿಸುವುದು ೦.೨ ಮಿಲಿಮೀಟರ್ ಮಾತ್ರ. ಇದು ಕಣ್ಣಿಗೆ ಕಾಣುವ ಮಸುಕನ್ನು ಉಂಟುಮಾಡಲಾರದು. ಆದಕಾರಣ ಇಂದು ನಾವು ಧಾರಾಳವಾಗಿ ಉಸಿರಾಡಬಹುದು, ತಲೆಯಾಡಿಸಬಹುದು, ಕೈಯಾಡಿಸಬಹುದು. ಕಬ್ಬಿಣದ ಆನಿಕೆ ಎಂದೋ ಹೋಯಿತು. ಅದನ್ನು ನಾವು ಮನಸ್ಸಿನಲ್ಲಿ ಇನ್ನೂ ನಿಲ್ಲಿಸಿಕೊಂಡಿರಬೇಕಾಗಿಲ್ಲ.

ಮೂಗು ದೊಡ್ಡದಾಗಿ ಕಾಣುವುದೇಕೆ?

'ಚಿತ್ರದಲ್ಲಿ ನನ್ನ ಮುಖ ಚೆನ್ನಾಗಿ ಬರುವುದಿಲ್ಲ' ಎಂಬುದು ವಿದ್ಯಾರ್ಥಿಗಳ ಬಾಯಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು. ಇದಕ್ಕೆ ಮುಖದ ಬದಲು ದೂರವನ್ನು ದೂರುವುದು ನ್ಯಾಯ.

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿಗಳು ಬರುವುದನ್ನು ಅನೇಕರು ನೋಡಿರಬಹುದು. ನೂರು ಮೀಟರ್ ದೂರದಲ್ಲಿ ಬರುತ್ತಿರುವ ಚಕ್ಕಡಿಯಲ್ಲಿ ಎತ್ತಿನ ಮುಖವೂ ಹಿಂದಿನ ಬಂಡಿಯೂ ತಮ್ಮ ತಮ್ಮ ಪ್ರಮಾಣದಲ್ಲಿಯೇ ಕಾಣುತ್ತವೆ. ಅದೇ ಎತ್ತು ಒಂದು ಮೀಟರಿನಷ್ಟು ಹತ್ತಿರ ಬಂದು ನಿಂತಾಗ ಅದರ ಮೂತಿ ನಮ್ಮ ದೃಷ್ಟಿಯನ್ನೆಲ್ಲ ತುಂಬುತ್ತದೆ; ಐದು ಮೀಟರ್ ದೂರವಿರುವ ಬಂಡಿಯ ಹಿಂಭಾಗವು ಆಟಿಕೆಯಂತೆ ಕಿರಿದಾಗುತ್ತದೆ. ವಸ್ತುವಿನ ತೋರಿಕೆಯ ಗಾತ್ರವು ದೂರಕ್ಕೆ ವಿಲೋಮ ಪ್ರಮಾಣದಲ್ಲಿರುವುದೇ ಇದಕ್ಕೆ ಕಾರಣ.

ಈಗ ಮುಖಕ್ಕೆ ಬರೋಣ. ಮೂಗಿನ ತುದಿಗಿಂತ ಕಿವಿಗಳು ಸುಮಾರು ೧೨ ಸೆಂಟಿಮೀಟರ್ ಹಿಂದೆ ಇರುತ್ತವೆ. ಮೊಬೈಲ್ ಫೋನನ್ನು ಮೂಗಿನಿಂದ ೩೦ ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಕಿವಿಗಳ ದೂರ ೪೨ ಸೆಂಟಿಮೀಟರ್ ಆಗುವುದು. ೪೨ನ್ನು ೩೦ರಿಂದ ಭಾಗಿಸಿದರೆ ೧.೪, ಎಂದರೆ ಕಿವಿಗಳಿಗೆ ಹೋಲಿಸಿದಾಗ ಮೂಗು ಶೇಕಡಾ ೪೦ರಷ್ಟು ಹಿಗ್ಗಿ ಕಾಣುತ್ತದೆ. ಫೋನನ್ನು ೧೫೦ ಸೆಂಟಿಮೀಟರ್ ದೂರಕ್ಕೆ ಸರಿಸಿದರೆ ಅನುಪಾತವು ೧೬೨ಕ್ಕೆ ೧೫೦, ಎಂದರೆ ೧.೦೮. ಹಿಗ್ಗುವಿಕೆಯು ಶೇಕಡಾ ೮ಕ್ಕೆ ಇಳಿಯಿತು. ೨೦೧೮ರಲ್ಲಿ ಅಮೆರಿಕದ ಕೆಲವು ವೈದ್ಯರು ಪ್ರಕಟಿಸಿದ ಗಣಿತವೂ ಇದನ್ನೇ ಹೇಳುತ್ತದೆ. ಐದು ಅಡಿ ದೂರದಿಂದ ತೆಗೆದ ಚಿತ್ರಕ್ಕಿಂತ ಹನ್ನೆರಡು ಅಂಗುಲ ದೂರದಿಂದ ತೆಗೆದ ಚಿತ್ರದಲ್ಲಿ ಮೂಗಿನ ಬುಡವು ಸುಮಾರು ಶೇಕಡಾ ೩೦ರಷ್ಟು ಅಗಲವಾಗಿ ತೋರುತ್ತದೆಂದು ಅವರು ಲೆಕ್ಕ ಮಾಡಿದರು.

ಎದುರಿಗೆ ಕುಳಿತು ನಮ್ಮೊಡನೆ ಮಾತನಾಡುವವರು ಸಾಮಾನ್ಯವಾಗಿ ಒಂದೂವರೆ ಮೀಟರಿನಷ್ಟು ದೂರದಿಂದ ನಮ್ಮನ್ನು ನೋಡುತ್ತಾರೆ. ಕ್ಯಾಮರಾವನ್ನೂ ಅಷ್ಟು ದೂರದಲ್ಲಿ, ಕಣ್ಣಿನ ಮಟ್ಟದಲ್ಲಿ ಇಟ್ಟರೆ ಜನರು ದಿನವೂ ಕಾಣುವ ಮುಖವೇ ಚಿತ್ರದಲ್ಲಿಯೂ ಮೂಡುವುದು.

ಕನ್ನಡಿಯ ಮುಖ, ಚಿತ್ರದ ಮುಖ

ದೂರವನ್ನು ಸರಿಪಡಿಸಿದರೂ ಕೆಲವರಿಗೆ ತಮ್ಮ ಚಿತ್ರ ಹಿಡಿಸುವುದಿಲ್ಲ. ಇದಕ್ಕೆ ಕಾರಣ ಮನೆಯ ಕನ್ನಡಿ. ಯಾರ ಮುಖದಲ್ಲಿಯೂ ಎಡಬಲಗಳು ಪೂರ್ಣವಾಗಿ ಸಮಾನವಾಗಿರುವುದಿಲ್ಲ. ಒಂದು ಹುಬ್ಬು ತುಸು ಮೇಲೆ, ಬೈತಲೆ ಒಂದು ಮಗ್ಗುಲಿಗೆ, ನಗೆ ಒಂದು ಕಡೆಗೆ. ನಮ್ಮ ಮುಖವನ್ನು ನಾವು ಚಿಕ್ಕಂದಿನಿಂದ ಕನ್ನಡಿಯಲ್ಲಿ ಎಡಬಲ ಅದಲುಬದಲಾಗಿಯೇ ಕಂಡಿರುತ್ತೇವೆ. ಛಾಯಾಚಿತ್ರವು ನಮ್ಮನ್ನು ಇತರರು ಕಾಣುವಂತೆ ತೋರಿಸುತ್ತದೆ. ಆಗ 'ಇದೇನೋ ಸರಿಯಿಲ್ಲ' ಎನಿಸುತ್ತದೆ; ಸರಿಯಿಲ್ಲದ್ದು ಯಾವುದೆಂದು ಮಾತ್ರ ಹೇಳಲಾಗುವುದಿಲ್ಲ.

ಅಮೆರಿಕದ ಮೂವರು ಸಂಶೋಧಕರು ೧೯೭೭ರಲ್ಲಿ ಇದನ್ನು ಪರೀಕ್ಷಿಸಿದರು. ಒಬ್ಬ ವಿದ್ಯಾರ್ಥಿನಿಯ ಒಂದೇ ಚಿತ್ರವನ್ನು ನೇರವಾಗಿಯೂ ಕನ್ನಡಿಯ ಬಿಂಬದಂತೆ ತಿರುಗಿಸಿಯೂ ಮುದ್ರಿಸಿ, ಯಾವುದು ಚೆನ್ನೆಂದು ಆಕೆಯನ್ನೂ ಆಕೆಯ ಆಪ್ತ ಗೆಳತಿಯನ್ನೂ ಕೇಳಿದರು. ಹೀಗೆ ಹಲವರನ್ನು ಕೇಳಿದಾಗ, ಚಿತ್ರದಲ್ಲಿದ್ದವರು ಹೆಚ್ಚಾಗಿ ಕನ್ನಡಿಯ ಬಿಂಬವನ್ನು ಮೆಚ್ಚಿದರು. ಗೆಳತಿಯರು ಹೆಚ್ಚಾಗಿ ನೇರ ಚಿತ್ರವನ್ನು ಮೆಚ್ಚಿದರು. ಮುಖವೊಂದೇ, ಬೇರೆಯಾದುದು ಬಳಕೆ. ಹೆಚ್ಚು ಬಾರಿ ಕಂಡುದು ಹೆಚ್ಚು ಹಿತವಾಗುವುದೆಂಬ ಈ ನಿಯಮವನ್ನು ಝಯಾಂಕ್ ಎಂಬ ಮನಶ್ಶಾಸ್ತ್ರಜ್ಞನು ೧೯೬೮ರಲ್ಲಿ ಅರ್ಥವಿಲ್ಲದ ಪದಗಳನ್ನೂ ಅಪರಿಚಿತ ಲಿಪಿಚಿಹ್ನೆಗಳನ್ನೂ ಜನರಿಗೆ ಮತ್ತೆ ಮತ್ತೆ ತೋರಿಸಿ ಸ್ಥಾಪಿಸಿದ್ದನು.

ಎರಡು ಸಣ್ಣ ಕನ್ನಡಿಗಳನ್ನು ಪುಸ್ತಕ ತೆರೆದಂತೆ ಒಂದಕ್ಕೊಂದು ಲಂಬಕೋನದಲ್ಲಿ ನಿಲ್ಲಿಸಿ, ಅವು ಕೂಡುವ ಗೆರೆಗೆ ನೇರವಾಗಿ ಮುಖವಿಟ್ಟು ನೋಡಿರಿ. ಬೆಳಕು ಎರಡು ಸಲ ಪ್ರತಿಫಲಿಸುವುದರಿಂದ ಎಡಬಲಗಳು ಸರಿಯಾಗಿ ಉಳಿದ ಬಿಂಬ ಕಾಣುತ್ತದೆ. ಬಲಗಣ್ಣು ಮುಚ್ಚಿದರೆ ಬಿಂಬವೂ ತನ್ನ ಬಲಗಣ್ಣನ್ನೇ ಮುಚ್ಚುತ್ತದೆ. ಊರಿನವರು ದಿನವೂ ಕಾಣುವ ನಿಮ್ಮ ಮುಖ ಇದೇ. ಕೆಲವು ದಿನ ಇದನ್ನು ನೋಡಿ ರೂಢಿಯಾದರೆ ಛಾಯಾಚಿತ್ರವೂ ಅಪರಿಚಿತವೆನಿಸದು.

'ಇದು ನನ್ನ ಧ್ವನಿಯೆ?'

ಮುದ್ರಿತವಾದ ತಮ್ಮ ಧ್ವನಿಯನ್ನು ಮೊದಲ ಸಲ ಕೇಳಿದವರು ಬೆಚ್ಚಿಬೀಳುವುದುಂಟು. ನಾವು ಮಾತನಾಡುವಾಗ ನಮ್ಮ ಧ್ವನಿಯು ನಮ್ಮ ಕಿವಿಗೆ ಎರಡು ದಾರಿಗಳಿಂದ ಮುಟ್ಟುತ್ತದೆ: ಬಾಯಿಯಿಂದ ಹೊರಟು ಗಾಳಿಯ ಮೂಲಕ ಒಂದು, ತಲೆಯ ಎಲುಬುಗಳ ಮೂಲಕ ಇನ್ನೊಂದು. ಈ ಎರಡು ದಾರಿಗಳ ಪಾಲೂ ಹೆಚ್ಚುಕಡಮೆ ಸಮವೆಂದು ಬೇಕೆಶಿ ಎಂಬ ವಿಜ್ಞಾನಿಯು ೧೯೪೯ರಲ್ಲಿ ತೋರಿಸಿದನು. ಒಳಗಿವಿಯಲ್ಲಿ ಶಬ್ದವು ಪ್ರಚೋದನೆಯನ್ನು ಉಂಟುಮಾಡುವ ಬಗೆಯ ಕುರಿತಾದ ಸಂಶೋಧನೆಗಾಗಿ ೧೯೬೧ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವನು ಈತನೇ. ಎಲುಬಿನ ದಾರಿಯು ಕಡಿಮೆ ಕಂಪನಸಂಖ್ಯೆಯ ಸ್ವರಗಳಿಗೆ ಹೆಚ್ಚು ಬಲ ಕೊಡುವುದರಿಂದ ನಮ್ಮ ಧ್ವನಿಯು ನಮಗೆ ಗಂಭೀರವಾಗಿ ಕೇಳಿಸುತ್ತದೆ. ಧ್ವನಿಮುದ್ರಣದಲ್ಲಿ ಗಾಳಿಯ ದಾರಿಯೊಂದೇ ಉಳಿಯುವುದರಿಂದ ಅದು ತೆಳುವಾಗಿ ಕೇಳಿಸುತ್ತದೆ.

ಎರಡು ಕಿವಿಗಳನ್ನೂ ಬೆರಳಿನಿಂದ ಮುಚ್ಚಿ 'ಮ್' ಎಂದು ಗುನುಗಿದರೆ ಎಲುಬಿನ ದಾರಿಯು ತಾನಾಗಿ ಗೊತ್ತಾಗುವುದು. ಇತರರು ಎಂದೂ ಈ ದಾರಿಯಿಂದ ನಮ್ಮ ಧ್ವನಿಯನ್ನು ಕೇಳಿದವರಲ್ಲ. ನಮಗೆ ಹೊಸದಾದ ಆ ತೆಳುಧ್ವನಿಯೇ ಅವರಿಗೆ ಮೊದಲಿನಿಂದ ಪರಿಚಿತವಾದದ್ದು. ಅದರಲ್ಲಿ ಅವರಿಗೆ ಯಾವ ಕೊರತೆಯೂ ಕಾಣದು.

ಎದೆಬಡಿತದ ಅರ್ಥ

ಕ್ಯಾಮರಾ ತಿರುಗಿದೊಡನೆ ಎದೆ ಹೊಡೆದುಕೊಳ್ಳುವುದೇಕೆ? ಅನೇಕ ಕಣ್ಣುಗಳು ತನ್ನನ್ನು ತೂಗಿ ನೋಡುತ್ತಿವೆಯೆಂದು ಮಿದುಳು ಎಣಿಸಿದಾಗ ದೇಹವು ಓಡಲು ಅಥವಾ ಹೋರಾಡಲು ಸಜ್ಜಾಗುತ್ತದೆ. ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳಿಂದ ಅಡ್ರಿನಾಲಿನ್ ಎಂಬ ರಸವು ರಕ್ತಕ್ಕೆ ಸೇರುತ್ತದೆ. ಹೃದಯದ ಬಡಿತ ಹೆಚ್ಚುತ್ತದೆ, ಉಸಿರು ಚುರುಕಾಗುತ್ತದೆ, ಬಾಯಿ ಒಣಗುತ್ತದೆ, ಕೈ ನಡುಗುತ್ತದೆ. ಕುಸ್ತಿಯ ಕಣಕ್ಕಿಳಿಯುವ ಪೈಲವಾನನ ಎದೆಯೂ ಹೀಗೆಯೇ ಬಡಿಯುತ್ತದೆ. ಆದರೆ ಅವನು ಅದನ್ನು ಹುರುಪೆಂದು ಕರೆಯುತ್ತಾನೆ.

ಈ ಹೆಸರಿನ ವ್ಯತ್ಯಾಸವೂ ಫಲವನ್ನು ಕೊಡುತ್ತದೆಂಬುದು ಸೋಜಿಗ. ಹಾರ್ವರ್ಡ್ ವಿಶ್ವವಿದ್ಯಾಲಯದ ಆಲಿಸನ್ ವುಡ್ ಬ್ರೂಕ್ಸ್ ೨೦೧೪ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣಕ್ಕೆ ಮುನ್ನ 'ನಾನು ಶಾಂತನಾಗಿದ್ದೇನೆ' ಎಂದು ಹೇಳಿಕೊಂಡವರಿಗಿಂತ 'ನನಗೆ ಹುರುಪು ಬಂದಿದೆ' ಎಂಬರ್ಥದ ಮಾತನ್ನು ಹೇಳಿಕೊಂಡವರು ಹೆಚ್ಚು ಚೆನ್ನಾಗಿ ಮಾತನಾಡಿದರು. ಓಡುವ ಕುದುರೆಯನ್ನು ಒಮ್ಮೆಲೇ ನಿಲ್ಲಿಸುವುದು ಕಷ್ಟ. ಅದನ್ನು ಬೇಕಾದ ದಾರಿಗೆ ತಿರುಗಿಸುವುದು ಸುಲಭ.

ಲಗಾಮು ಬೇಕಾದವರಿಗೆ ಉಸಿರುಂಟು. ಉಸಿರನ್ನು ಒಳಗೆಳೆಯುವಾಗ ಹೃದಯ ತುಸು ವೇಗವಾಗಿಯೂ ಹೊರಬಿಡುವಾಗ ತುಸು ನಿಧಾನವಾಗಿಯೂ ಬಡಿಯುತ್ತದೆ. ಮಣಿಕಟ್ಟಿನ ನಾಡಿಯನ್ನು ಹಿಡಿದು ನಿಧಾನವಾಗಿ ಉಸಿರಾಡಿದರೆ ಇದನ್ನು ಬೆರಳಿನಿಂದಲೇ ಗುರುತಿಸಬಹುದು. ಆದುದರಿಂದ ನಾಲ್ಕು ಸೆಕೆಂಡು ಒಳಗೆ, ಆರು ಸೆಕೆಂಡು ಹೊರಗೆ, ಹೀಗೆ ನಿಮಿಷಕ್ಕೆ ಆರು ಉಸಿರುಗಳನ್ನು ಆಡಿದರೆ ಎದೆಬಡಿತ ಇಳಿಮುಖವಾಗುತ್ತದೆ. ನಿತ್ಯವೂ ಐದು ನಿಮಿಷ, ದೀರ್ಘವಾಗಿ ಉಸಿರು ಬಿಡುವ ಅಭ್ಯಾಸವನ್ನು ಒಂದು ತಿಂಗಳು ಮಾಡಿದವರ ಮನಸ್ಸು ಹಗುರವಾಯಿತೆಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ೨೦೨೩ರಲ್ಲಿ ವರದಿ ಮಾಡಿದ್ದಾರೆ.

ಪರರಿಗೆ ಕಾಣುವುದೆಷ್ಟು?

ಅಂಜಿದವರ ಇನ್ನೊಂದು ಸಂಕಟವೆಂದರೆ, ತಮ್ಮ ಅಂಜಿಕೆ ಎಲ್ಲರಿಗೂ ಕಾಣುತ್ತಿದೆಯೆಂಬ ಭಾವನೆ. ಅದನ್ನೂ ಅಳೆದಿದ್ದಾರೆ. ೨೦೦೦ದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಗಿಲೊವಿಚ್ ಮತ್ತು ಅವನ ಸಂಗಡಿಗರು, ನಾಚಿಕೆ ತರುವಂಥ ಚಿತ್ರವಿದ್ದ ಅಂಗಿಯನ್ನು ಒಬ್ಬ ವಿದ್ಯಾರ್ಥಿಗೆ ತೊಡಿಸಿ, ಇತರರು ಕುಳಿತಿದ್ದ ಕೋಣೆಯೊಳಕ್ಕೆ ಕಳುಹಿದರು. ಅಂಗಿ ತೊಟ್ಟವರು ಹೆಚ್ಚುಕಡಮೆ ಅರ್ಧದಷ್ಟು ಮಂದಿ ಆ ಚಿತ್ರವನ್ನು ಗುರುತಿಸಿರಬೇಕೆಂದು ಊಹಿಸಿದರು. ನಿಜವಾಗಿ ಗುರುತಿಸಿದವರು ಸುಮಾರು ಕಾಲುಭಾಗದಷ್ಟು ಮಾತ್ರ.

ಎದೆಬಡಿತದ ವಿಷಯವೂ ಹೀಗೆಯೇ. ನಮ್ಮ ಎದೆಯ ಸದ್ದು ನಮಗೆ ಡೊಳ್ಳಿನಂತೆ ಕೇಳಿಸಿದರೂ ಎದುರಿನವರಿಗೆ ಅದು ಕೇಳಿಸದು. ಸವಿಟ್ಸ್ಕಿ ಮತ್ತು ಗಿಲೊವಿಚ್ ೨೦೦೩ರಲ್ಲಿ ಭಾಷಣ ಮಾಡಬೇಕಾಗಿದ್ದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಮಾತ್ರ ಈ ಸಂಗತಿಯನ್ನು ಮೊದಲೇ ತಿಳಿಸಿದರು: 'ನಿಮ್ಮ ಅಂಜಿಕೆಯು ನೀವೆಣಿಸಿದಷ್ಟು ಹೊರಗೆ ಕಾಣುವುದಿಲ್ಲ' ಎಂದು. ಹೀಗೆ ತಿಳಿದವರ ಭಾಷಣವು ಇತರರದಕ್ಕಿಂತ ಉತ್ತಮವಾಯಿತು. ತಮಗೂ ಹಾಗೆನಿಸಿತು, ಕೇಳಿದವರಿಗೂ ಹಾಗೆನಿಸಿತು. ತಿಳಿವಳಿಕೆಯೇ ಮದ್ದೆಂದು ಮೊದಲಿಗೆ ನಾವು ಹೇಳಿದುದಕ್ಕೆ ಇದೇ ಆಧಾರ.

ಹೂಂಗುಟ್ಟದ ಶ್ರೋತೃ

ನಮ್ಮ ಸೀಮೆಯಲ್ಲಿ ವೇದಿಕೆಯೇನು ಅಪರೂಪವಲ್ಲ. ಊರ ಜಾತ್ರೆಯ ಬಯಲಾಟವೂ ನಾಟಕ ಕಂಪನಿಯ ರಂಗವೂ ಇಲ್ಲಿಯ ಜನರಿಗೆ ಪರಿಚಿತ. ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ ೧೯೧೪ರಲ್ಲಿ ಹುಟ್ಟಿ ೨೦೧೭ರಲ್ಲಿ ತೀರಿಕೊಂಡ ಏಣಗಿ ಬಾಳಪ್ಪನವರು ವೃತ್ತಿರಂಗಭೂಮಿಯ ಹಿರಿಯ ನಟರೆಂದು ನಾಡಿಗೆಲ್ಲ ಹೆಸರಾಗಿದ್ದರು. ಧ್ವನಿವರ್ಧಕವಿಲ್ಲದ ರಂಗದಲ್ಲಿ ಕೊನೆಯ ಸಾಲಿನವರೆಗೆ ಮಾತು ಮುಟ್ಟಿಸುವುದು ನಟನಾದವನ ಮೊದಲ ಪಾಠ. ಇಂಥ ನಾಡಿನ ಮಕ್ಕಳು ಕ್ಯಾಮರಾಕ್ಕೆ ಅಂಜುವುದೇಕೆ? ರಂಗಕ್ಕೂ ಕ್ಯಾಮರಾಕ್ಕೂ ಮೂರು ವ್ಯತ್ಯಾಸಗಳಿವೆ.

ಮೊದಲನೆಯದು ಧ್ವನಿ. ಶಬ್ದದ ತೀವ್ರತೆಯು ದೂರದ ವರ್ಗಕ್ಕೆ ವಿಲೋಮ ಪ್ರಮಾಣದಲ್ಲಿರುತ್ತದೆ. ಕೊನೆಯ ಸಾಲಿನ ಶ್ರೋತೃ ೨೦ ಮೀಟರ್ ದೂರದಲ್ಲಿದ್ದು, ಕ್ಯಾಮರಾದ ಮೈಕು ಅರ್ಧ ಮೀಟರ್ ದೂರದಲ್ಲಿದ್ದರೆ ದೂರಗಳ ಅನುಪಾತ ೪೦. ಅದರ ವರ್ಗ ೧೬೦೦. ಗೋಡೆಗಳ ಪ್ರತಿಫಲನವನ್ನು ಬಿಟ್ಟು ಲೆಕ್ಕ ಹಾಕಿದರೆ, ಒಂದೇ ಧ್ವನಿಯು ಮೈಕಿನ ಬಳಿ ೧೬೦೦ ಪಟ್ಟು ತೀವ್ರವಾಗಿರುತ್ತದೆ. ಎಂದರೆ ಸುಮಾರು ೩೨ ಡೆಸಿಬೆಲ್ ಹೆಚ್ಚು. ಆದುದರಿಂದ ಕ್ಯಾಮರಾದ ಮುಂದೆ ಕೂಗಬೇಕಾಗಿಲ್ಲ; ಪಡಸಾಲೆಯಲ್ಲಿ ಕುಳಿತು ಮನೆಗೆ ಬಂದವರೊಡನೆ ಆಡುವ ಧ್ವನಿಯೇ ಸಾಕು. ಕೂಗದವರ ಉಸಿರೂ ಬೇಗ ಸೋಲದು.

ಎರಡನೆಯದು ನೋಟ. ಪರದೆಯ ಮೇಲಿನ ಮುಖವನ್ನು ನೋಡುತ್ತ ಮಾತನಾಡಿದರೆ, ಆ ಕಡೆಯವರಿಗೆ ನಾವು ಕಣ್ಣು ತಗ್ಗಿಸಿದಂತೆ ಕಾಣುತ್ತೇವೆ. ಕ್ಯಾಮರಾ ಆ ಮುಖಕ್ಕಿಂತ ೧೦ ಸೆಂಟಿಮೀಟರ್ ಮೇಲಿದ್ದು, ನಾವು ೫೦ ಸೆಂಟಿಮೀಟರ್ ದೂರದಲ್ಲಿ ಕುಳಿತರೆ ನೋಟವು ಸುಮಾರು ೧೧ ಡಿಗ್ರಿ ಕೆಳಗಿಳಿಯುತ್ತದೆ. ೧೧೫ ಸೆಂಟಿಮೀಟರ್ ದೂರಕ್ಕೆ ಸರಿದರೆ ಅದು ಕೇವಲ ೫ ಡಿಗ್ರಿಯಾಗುತ್ತದೆ. ಇಷ್ಟು ತಗ್ಗಿದ ನೋಟವನ್ನು ನೋಡುವವರು ನೇರ ನೋಟವೆಂದೇ ಭಾವಿಸುತ್ತಾರೆಂದು ೨೦೦೨ರಲ್ಲಿ ಪ್ರಕಟವಾದ ಮಿಲ್ಟನ್ ಚೆನ್ನನ ಪ್ರಯೋಗಗಳಿಂದ ತಿಳಿದಿದೆ. ಮೂಗಿಗೆ ಹಿತವಾದ ದೂರವು ನೋಟಕ್ಕೂ ಹಿತವಾಯಿತು!

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಅಜ್ಜಿ ಕಥೆ ಹೇಳುವಾಗ 'ಹೂಂ' ಎನ್ನುವ ಮೊಮ್ಮಕ್ಕಳಿರಬೇಕು. ಹೂಂಗುಟ್ಟುವವರಿಲ್ಲದಿದ್ದರೆ ಕಥೆ ಮುಂದೆ ಸಾಗದು. ರಂಗದ ನಟನಿಗೆ ಸಭೆಯ ನಗೆಯೂ ಚಪ್ಪಾಳೆಯೂ ಹೂಂಗುಟ್ಟುತ್ತವೆ. ಕ್ಯಾಮರಾ ಮಾತ್ರ ಹೂಂಗುಟ್ಟದು. ಅದರ ಮೌನವನ್ನು ನಾವು ಅಸಮ್ಮತಿಯೆಂದು ತಿಳಿದು ಗಾಬರಿಯಾಗುತ್ತೇವೆ. ಆದಕಾರಣ ಅಭ್ಯಾಸ ಮಾಡುವಾಗ ಕ್ಯಾಮರಾದ ಹಿಂದೆ ಮಗ್ಗುಲಲ್ಲಿ ತಮ್ಮನನ್ನೋ ಗೆಳತಿಯನ್ನೋ ಕುಳ್ಳಿರಿಸಿಕೊಂಡು ಅವರಿಗೆ ಹೇಳುವಂತೆ ಹೇಳಬೇಕು. ರೂಢಿಯಾದ ಮೇಲೆ ಅವರು ಎದ್ದುಹೋದರೂ ಮಾತು ನಿಲ್ಲದು.

ಪಡಸಾಲೆಯ ಬೆಳಕು

ಇನ್ನು ಬೆಳಕಿನ ಮಾತು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಗೋಡೆಗಳು ದಪ್ಪ, ಕಿಟಕಿಗಳು ಕಡಿಮೆ. ನಡುಮನೆಗೆ ಮಾಳಿಗೆಯ ಬೆಳಕಿಂಡಿಯಿಂದ ಬೆಳಕು ಬೀಳುತ್ತದೆ. ಬೆಳಕಿಂಡಿಯ ಕೆಳಗೆ ಕುಳಿತರೆ ಬೆಳಕು ನೆತ್ತಿಯ ಮೇಲಿಂದ ಬಂದು ಕಣ್ಣಿನ ಕುಳಿಗಳಲ್ಲಿ ನೆರಳು ತುಂಬಿ, ಮುಖವು ದಣಿದಂತೆ ತೋರುತ್ತದೆ. ಬಾಗಿಲಿಗೆ ಬೆನ್ನು ಮಾಡಿ ಕುಳಿತರೆ ಕ್ಯಾಮರಾವು ಒಟ್ಟು ಬೆಳಕನ್ನು ಅಳೆದು ತನ್ನಷ್ಟಕ್ಕೆ ಚಿತ್ರವನ್ನು ಮಬ್ಬುಗೊಳಿಸುವುದರಿಂದ ಮುಖವು ಕರಿನೆರಳಾಗುತ್ತದೆ. ಹಗಲಿನಲ್ಲಿ ಪಡಸಾಲೆಯ ತೆರೆದ ಬಾಗಿಲಿಗೆ ಮುಖಮಾಡಿ, ನೇರ ಬಿಸಿಲು ಬೀಳದಷ್ಟು ಒಳಗೆ ಕುಳಿತು, ಬಾಗಿಲಿಗೂ ನಮಗೂ ನಡುವೆ ಕ್ಯಾಮರಾವನ್ನಿಟ್ಟರೆ ಬೇರೆ ದೀಪವೇ ಬೇಡ. ಫೋನನ್ನು ಕೈಯಲ್ಲಿ ಹಿಡಿಯದೆ ಪುಸ್ತಕಗಳ ಅಟ್ಟಿಯ ಮೇಲೆ ಕಣ್ಣಿನ ಮಟ್ಟಕ್ಕೆ ನಿಲ್ಲಿಸಿದರೆ ಕೈ ನಡುಗಿದರೂ ಚಿತ್ರ ನಡುಗದು.

ಏಳು ದಿನಗಳ ಪಾಠ

ರಾಮದುರ್ಗ, ಸುರೇಬಾನಗಳ ಮಗ್ಗದ ಮನೆಗಳಲ್ಲಿ ಹೊಸದಾಗಿ ಕೂಡುವವರ ಕೈಯಲ್ಲಿ ಮೊದಮೊದಲು ಎಳೆ ಹರಿಯುತ್ತದೆ, ಲಾಳಿ ತಪ್ಪುತ್ತದೆ. ಕೆಲವು ದಿನಗಳಾದ ಮೇಲೆ ಕೈ ತಾನಾಗಿ ಓಡುತ್ತದೆ. ಕ್ಯಾಮರಾದ ಮುಂದಿನ ಮಾತೂ ಅಂಥದೇ ಒಂದು ಕೈವಾಡಿಕೆ. ಇದಕ್ಕೆ ಏಳು ದಿನಗಳ ಕ್ರಮವೊಂದನ್ನು ಸೂಚಿಸುತ್ತೇವೆ.

ಮೊದಲನೆಯ ದಿನ ಸ್ಥಳ, ಬೆಳಕು, ದೂರಗಳನ್ನು ಗೊತ್ತುಮಾಡಿಕೊಂಡು ಎರಡು ನಿಮಿಷ ಮಾತನಾಡಿರಿ. ವಿಷಯವು ಚೆನ್ನಾಗಿ ಬಲ್ಲದ್ದಾಗಿರಲಿ: ಜೋಳದ ರೊಟ್ಟಿ ಬಡಿಯುವ ಬಗೆ, ಮಲಪ್ರಭೆಗೆ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟಿನ ಕೆಲಸ, ನಿಮ್ಮ ಊರಿನ ಸಂತೆ. ಅಂದು ಚಿತ್ರವನ್ನು ನೋಡದೆ ಹಾಗೆಯೇ ಕಾದಿರಿಸಿರಿ. ಎರಡನೆಯ ದಿನ ಮತ್ತೆ ಮಾತನಾಡಿ, ಧ್ವನಿಯನ್ನು ಅಡಗಿಸಿ ಚಿತ್ರವನ್ನಷ್ಟೇ ನೋಡಿರಿ. ಮೂರನೆಯ ದಿನ ಚಿತ್ರವನ್ನು ನೋಡದೆ ಧ್ವನಿಯನ್ನಷ್ಟೇ ಕೇಳಿರಿ. ನಾಲ್ಕು ಮತ್ತು ಐದನೆಯ ದಿನ ಗೆಳೆಯರಿಂದ ಪ್ರಶ್ನೆ ಕೇಳಿಸಿಕೊಂಡು ಉತ್ತರಿಸಿರಿ. ತಿಳಿಯದ ಪ್ರಶ್ನೆಗೆ 'ಇದು ನನಗೆ ತಿಳಿಯದು' ಎಂದು ನೆಟ್ಟಗೆ ಹೇಳುವುದನ್ನೂ ಅಭ್ಯಾಸ ಮಾಡಿರಿ. ಆರನೆಯ ದಿನ ಹತ್ತು ನಿಮಿಷಗಳ ಪೂರ್ಣ ಸಂದರ್ಶನವಾಗಲಿ.

ಏಳನೆಯ ದಿನ ಅಳತೆಯ ದಿನ. ಮೊದಲನೆಯ ದಿನದ ಮತ್ತು ಆರನೆಯ ದಿನದ ಚಿತ್ರಗಳನ್ನು ಗೆಳೆಯನೊಬ್ಬನಿಗೆ ತೋರಿಸಿ, ಒಂದೊಂದರಲ್ಲಿಯೂ ಕಂಡ ಅಂಜಿಕೆಗೆ ಹತ್ತರಲ್ಲಿ ಎಷ್ಟು ಅಂಕವೆಂದು ಬರೆಯಹೇಳಿರಿ. ನೀವು ಅನುಭವಿಸಿದ ಅಂಜಿಕೆಗೆ ಅಂಕಗಳನ್ನು ಆಯಾ ದಿನವೇ ಬರೆದಿಟ್ಟಿರಬೇಕು. ಎರಡು ಪಟ್ಟಿಗಳನ್ನೂ ಹೋಲಿಸಿದರೆ, ಒಳಗಿನ ಅಂಜಿಕೆಗೂ ಹೊರಗೆ ಕಂಡುದಕ್ಕೂ ಇರುವ ಅಂತರವು ನಿಮ್ಮದೇ ಲೆಕ್ಕದಲ್ಲಿ ದೊರೆಯುತ್ತದೆ. ಪುಸ್ತಕದ ಮಾತಿಗಿಂತ ಕೈಯಾರೆ ಪಡೆದ ಅಳತೆಯಲ್ಲಿ ನಂಬಿಕೆ ಹೆಚ್ಚು.

ಒಂದು ಎಚ್ಚರಿಕೆ. ಅಂಜಿಕೆಯು ತರಗತಿಯನ್ನೇ ಬಿಡಿಸುವಷ್ಟು, ಊಟ ನಿದ್ದೆಗಳನ್ನು ಕೆಡಿಸುವಷ್ಟು ಬಲವಾಗಿದ್ದರೆ ಅದು ಅಭ್ಯಾಸದಿಂದಲೇ ಹೋಗುವಂಥದಲ್ಲ. ಅದಕ್ಕೆ ಚಿಕಿತ್ಸೆಯುಂಟು, ನಾಚದೆ ವೈದ್ಯರನ್ನು ಕಾಣಬೇಕು. ೨೦೨೨ರಲ್ಲಿ ಆರಂಭವ��ದ ಟೆಲಿ-ಮಾನಸ್ ಸೇವೆಯ ೧೪೪೧೬ ಸಂಖ್ಯೆಗೆ ದೂರವಾಣಿ ಮಾಡಿದರೂ ಸಲಹೆ ದೊರೆಯುತ್ತದೆ.

ವಿದ್ಯಾರ್ಥಿಗಳಿಗೆ ಪ್ರಶ್ನೆಗಳು

೧. ಮೂಗಿನ ತುದಿಯಿಂದ ೬೦ ಸೆಂಟಿಮೀಟರ್ ದೂರದಲ್ಲಿ ಕ್ಯಾಮರಾ ಇದ್ದರೆ, ಕಿವಿಗಳಿಗೆ ಹೋಲಿಸಿದಾಗ ಮೂಗು ಶೇಕಡಾ ಎಷ್ಟು ಹಿಗ್ಗಿ ಕಾಣುವುದು?

೨. ಮೈಕಿನ ದೂರವನ್ನು ೫೦ ಸೆಂಟಿಮೀಟರಿನಿಂದ ೨೫ ಸೆಂಟಿಮೀಟರಿಗೆ ಇಳಿಸಿದರೆ ಶಬ್ದದ ತೀವ್ರತೆಯು ಎಷ್ಟು ಪಟ್ಟು ಹೆಚ್ಚುವುದು?

೩. ಲಂಬಕೋನದಲ್ಲಿ ನಿಲ್ಲಿಸಿದ ಎರಡು ಕನ್ನಡಿಗಳಲ್ಲಿ ಎಡಬಲಗಳು ಅದಲುಬದಲಾಗದಿರುವುದೇಕೆ? ಕಿರಣಗಳ ಚಿತ್ರವನ್ನು ಬರೆದು ವಿವರಿಸಿರಿ.

೪. ತರಗತಿಯ ಹತ್ತು ಮಂದಿ ಏಳು ದಿನಗಳ ಪಾಠವನ್ನು ಮಾಡಿ, ತಮ್ಮ ಅಂಕಗಳನ್ನೂ ಗೆಳೆಯರು ಕೊಟ್ಟ ಅಂಕಗಳನ್ನೂ ಒಂದು ನಕ್ಷೆಯಲ್ಲಿ ಗುರುತಿಸಿರಿ. ಎರಡರ ಸರಾಸರಿಗಳಲ್ಲಿ ಯಾವುದು ಹೆಚ್ಚು?

(ಉತ್ತರಗಳು: ೧. ಶೇಕಡಾ ೨೦. ೨. ನಾಲ್ಕು ಪಟ್ಟು. ಉಳಿದೆರಡರ ಉತ್ತರವನ್ನು ಪ್ರಯೋಗವೇ ಹೇಳುವುದು.)